ಬಿಟ್ಟುಹೋದ ಎಂಟನೇ ಪೆಟ್ಟು

ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೇನೆ. ಆದರೂ ನಲವತ್ತೇಳನೆಯ ವಯಸ್ಸಿನಲ್ಲಿ, ಸಿಂಧನೂರಿನ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ, ಇಬ್ಬರು ಸಾಕ್ಷಿಗಳ ಎದುರಿಗೆ, ನನಗೆ ಏಳರ ತನಕ ಎಣಿಸಲು ಬರುವುದಿಲ್ಲ ಎಂಬುದು ಸಾಬೀತಾಯಿತು. ಆ ಇಬ್ಬರಲ್ಲಿ ಒಬ್ಬನ ಮೇಲೆ ನನಗೆ ಈಗಲೂ ಸಿಟ್ಟಿದೆ. ಸಿಟ್ಟು ತಣ್ಣಗಾದ ಮೇಲೆ ಬರೆಯಿರಿ ಎಂದು ಹೆಂಡತಿ ಹೇಳಿದಳು. ತಣ್ಣಗಾದ ಮೇಲೆ ನಾನು ಬರೆಯುವವನಲ್ಲ, ಮಲಗುವವನು. ಅದಕ್ಕೇ ಈಗಲೇ ಕೂತಿದ್ದೇನೆ.

ನಮ್ಮದು ಮೂರು ಜನರ ರಾಕ್ ಬ್ಯಾಂಡು. ಸಿಂಧನೂರಿನಲ್ಲಿ ಬ್ಯಾಂಡು ಅಂದರೆ ಜನ ಮದುವೆಯ ತಾರೀಖು ಹೇಳಿ, ಮೆರವಣಿಗೆಗೆ ಎಷ್ಟು ಮಂದಿ ಬರುತ್ತೀರಿ ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ, ನಾವು ನಮ್ಮದೇ ಹಾಡು ಬರೆದು ಬಾರಿಸುವವರು ಅಂದರೆ, ಓ ಹಾಗಾದರೆ ಭಜನಾ ಮಂಡಳಿ ಅನ್ನುತ್ತಾರೆ. ಗಿಟಾರು ಬಾರಿಸಿ ಹಾಡುವವನದು ಸಿಂಧನೂರಿನಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ. ಅವನ ಅಪ್ಪ ಕಾಲುವೆಗೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು, ವಳಕಮದಿನ್ನಿ ಆಚೆಗಿನ ಒಂದು ವಲಸೆಗಾರರ ಕ್ಯಾಂಪಿನಲ್ಲಿ ನೆಲೆ ನಿಂತು ಭತ್ತ ಬೆಳೆದವರು. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಬೇಸ್ ಗಿಟಾರು ಬಾರಿಸುವವನು ಮಸ್ಕಿಯ ದರ್ಜಿ. ಅವನೂ ನಾನೂ ಸಂತೆಕಲ್ಲೂರಿನಲ್ಲಿ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು. ಡ್ರಮ್ಸ್ ನನ್ನದು. ಕಾಲೇಜಿಗೆ ಸಿಂಧನೂರಿಗೆ ಹೋದಾಗ ಮೂವರಿಗೂ ಗಂಟುಬಿತ್ತು. ಆಮೇಲೆ ನೌಕರಿ, ಮದುವೆ, ಮಕ್ಕಳು ಅಂತ ಹದಿನೈದು ವರ್ಷ ಬಿಟ್ಟಿದ್ದೆವು. ಬಿಟ್ಟದ್ದನ್ನು ಹಾಗೇ ಬಿಡುವ ಬುದ್ಧಿ ಮೂವರಲ್ಲಿ ಒಬ್ಬನಿಗೂ ಇರಲಿಲ್ಲ.

ಪ್ರತಿ ಭಾನುವಾರ ನಾನು ಲಿಂಗಸುಗೂರಿನಲ್ಲಿ ಬಸ್ಸು ಹತ್ತುತ್ತೇನೆ. ಮಸ್ಕಿಯಲ್ಲಿ ದರ್ಜಿ ಹತ್ತುತ್ತಾನೆ. ಸಿಂಧನೂರು ಮುಟ್ಟುವ ತನಕ ನಾನು ಚಿಂತೆ ಮಾಡುತ್ತೇನೆ, ಅವನು ನಿದ್ದೆ ಮಾಡುತ್ತಾನೆ. ನನ್ನ ಚಿಂತೆಗಳಿಗೆ ಒಂದು ಸರದಿ ಇದೆ. ಸಂತೆಕಲ್ಲೂರು ಬರುವ ತನಕ ಬಿಪಿ. ಅಲ್ಲಿಂದ ಮಸ್ಕಿಯ ತನಕ ವರ್ಗಾವಣೆ. ಮಸ್ಕಿ ದಾಟಿದ ಮೇಲೆ, ಸರ್ಕಾರಿ ನೌಕರ ಇಲಾಖೆಯ ಅನುಮತಿ ಇಲ್ಲದೆ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಬಹುದೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಎಲ್ಲಿಯೂ ಬರೆದಿಲ್ಲ. ಬರೆದಿಲ್ಲ ಎಂಬುದೇ ನನಗೆ ಹೆಚ್ಚು ಭಯ.

ಗಿಟಾರಿನವನ ಮಾವನದು ಅಕ್ಕಿ ಗಿರಣಿ. ಭತ್ತದ ಆವಕ ನಿಂತ ತಿಂಗಳುಗಳಲ್ಲಿ ಗೋದಾಮು ಖಾಲಿ. ಭತ್ತದ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಗೋಡೆಯ ಎತ್ತರಕ್ಕೆ ಒಟ್ಟಿದರೆ ಒಳಗಿನ ಸದ್ದು ಹೊರಗೆ ಹೋಗದು, ಹೊರಗಿನ ಲಾರಿ ಸದ್ದು ಒಳಗೆ ಬಾರದು. ಗಾಳಿಯೂ ಬಾರದು. ಅಲ್ಲೇ ನಮ್ಮ ಮೊದಲ ಆಲ್ಬಮ್ ಮಾಡಿದೆವು. ಎಂಟು ಹಾಡು, ಯಾವುದೂ ಮೂರೂವರೆ ನಿಮಿಷ ದಾಟದು. ಬಸ್ಸು ಕೈ ಮಾಡಿದರೂ ನಿಲ್ಲದ್ದು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ಕಚೇರಿಯಲ್ಲಿ ನಾಳೆ ಬಾ ಅಂದದ್ದು, ಇಂಥವೇ ಹಾಡುಗಳು. ಮೂವರೂ ಒಂದೇ ಕಡೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಬೆವರು ಸುರಿಸಿಕೊಂಡು ಒಂದೇ ಏಟಿಗೆ ಬಾರಿಸಿದ್ದು. ಚೆನ್ನಾಗಿತ್ತು. ನನ್ನ ಬಾಯಿಂದ ಈ ಮಾತು ಸುಲಭಕ್ಕೆ ಬರುವುದಿಲ್ಲ, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ: ಚೆನ್ನಾಗಿತ್ತು.

ಆರನೆಯ ಹಾಡು ಟ್ರಾನ್ಸ್‌ಫಾರ್ಮರಿನದು. ಅದರ ನಡುವೆ ನಾನು ತಪ್ಪಿದೆ. ಒಂದು ಸುತ್ತಿಗೆ ಎಂಟು ಪೆಟ್ಟಿನ ಹಾಡು ಅದು. ಮಾತಿಲ್ಲದ ನಡುವಿನ ಭಾಗದಲ್ಲಿ ನಾಲ್ಕು ಸುತ್ತು ನನ್ನ ಕೈ ಎಂಟನೇ ಪೆಟ್ಟು ಹೊಡೆಯಲೇ ಇಲ್ಲ. ಏಳಕ್ಕೇ ಸುತ್ತು ಮುಗಿಸಿ ಮತ್ತೆ ಒಂದಕ್ಕೆ ಹೋಯಿತು. ಯಾಕೆ ಹಾಗಾಯಿತೆಂದು ನನಗೇ ತಿಳಿಯಲಿಲ್ಲ. ದರ್ಜಿ ಹೇಗೋ ನನ್ನ ಜೊತೆಗೇ ಬಂದ. ಗಿಟಾರಿನವನು ಮೊದಲ ಸುತ್ತಿನಲ್ಲಿ ಎಡವಿ, ಎರಡನೆಯದರಲ್ಲಿ ಓಡಿ ಬಂದು ಕೂಡಿಕೊಂಡ. ಐದನೇ ಸುತ್ತಿಗೆ ಎಲ್ಲ ಸರಿಯಾಯಿತು.

ಹಾಡು ಮುಗಿದ ಮೇಲೆ ನಾನು, "ಇದೊಂದು ಇನ್ನೊಮ್ಮೆ ಹೊಡಿಯೂನು," ಅಂದೆ.

"ಯಾಕ?" ಅಂದ ಗಿಟಾರಿನವನು.

"ಸುಮ್ನ. ಕೈ ಬೆವತಿತ್ತು."

"ನಿನ್ನ ಕೈ ಯಾವಾಗ ಬೆವತಿಲ್ಲ? ವೋಲ್ಟೇಜ್ ಬೀಳಾಕತ್ತೈತಿ, ಕರೆಂಟ್ ಹೋಗೂದ್ರಾಗ ಉಳದೆರಡು ಮುಗಸೂನು ನಡಿ."

"ಒಂದ ಸಲಾ ಮಾರಾಯಾ."

"ಇಲ್ಲಾ ಅಂದ್ರ ಇಲ್ಲಾ."

ತಪ್ಪಿದ್ದು ಅವನಿಗೆ ಗೊತ್ತಾಗಿಲ್ಲ ಅಂದುಕೊಂಡೆ. ಏಳನೆಯ ಹಾಡಿಗೆ ಕೋಲು ಎತ್ತಿದೆ. ತಪ್ಪು ಮಾಡಿ ಸಿಗದೆ ಉಳಿಯುವುದರಲ್ಲಿ ಎಂಥ ಸುಖವಿದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು, ನನಗೂ ಆವತ್ತು ಗೊತ್ತಾಯಿತು.

ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಹಾಕಿದೆವು. ಎರಡು ತಿಂಗಳು ಏನೂ ಇಲ್ಲ. ನಮ್ಮ ಸ್ಟಾಫ್‌ರೂಮಿನಲ್ಲಿ ಸಮಾಜ ವಿಜ್ಞಾನದವರು ಎರಡು ಹಾಡು ಕೇಳಿ, "ಮಾಸ್ತರ, ಮನ್ಯಾಗ ಎಲ್ಲಾ ಆರಾಮ ಐತಲ್ಲಾ?" ಎಂದು ವಿಚಾರಿಸಿದರು. ಆಮೇಲೆ ಬೆಂಗಳೂರಿನ ಯಾರೋ ಒಬ್ಬರು ತಮ್ಮ ಬ್ಲಾಗಿನಲ್ಲಿ ನಮ್ಮ ಮೇಲೆ ಉದ್ದಕ್ಕೆ ಬರೆದರು. ಆರನೇ ಹಾಡಿನ ನಡುವೆ ಎಂಟರಿಂದ ಏಳಕ್ಕೆ ಇಳಿಯುವ ಆ ನಾಲ್ಕು ಸುತ್ತು ಇಡೀ ಆಲ್ಬಮ್ಮಿನ ಜೀವ, ಈ ತಂಡ ಬರೀ ರಾಕ್ ಬಿಟ್ಟು ಪ್ರೋಗ್ರೆಸಿವ್ ಸಂಗೀತದ ಕಡೆ ಹೊರಟ ಲಕ್ಷಣ ಅದರಲ್ಲಿದೆ ಎಂಬ ಅರ್ಥದಲ್ಲಿ. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಪೂರಾ ಅಂಕ ಕೊಟ್ಟು, ಮೇಲೆ ಒಂದು ನಕ್ಷತ್ರ ಬರೆದ ಹಾಗಿತ್ತು.

ಆಮೇಲೆ ಅವರೇ ಫೋನ್ ಮಾಡಿ ಗಿಟಾರಿನವನನ್ನು ಮಾತಾಡಿಸಿದರು. ಅವನು ಅಂಗಡಿಯ ಕೌಂಟರಿಗೆ ಒರಗಿ, ಫೋನು ಸ್ಪೀಕರಿಗೆ ಹಾಕಿ, ನಾವಿಬ್ಬರೂ ಎದುರಿಗೇ ಕೂತಿರುವಾಗ, ಆ ಏಳು ತನಗೆ ಹೇಗೆ ಹೊಳೆಯಿತೆಂದು ಹತ್ತು ನಿಮಿಷ ವಿವರಿಸಿದ. ಕೇಳುಗ ಎಂಟನ್ನು ಕಾಯುತ್ತಿರುತ್ತಾನಂತೆ, ಅವನ ಕಾಲ ಕೆಳಗಿನ ನೆಲವನ್ನೇ ಎಳೆದುಬಿಡಬೇಕಂತೆ. ನಾನು ದರ್ಜಿಯ ಮುಖ ನೋಡಿದೆ. ಅವನು ಚಹಾ ಕುಡಿಯುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ತಪ್ಪು ನನ್ನದು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಬಿಡದೇ ಇದ್ದದ್ದಕ್ಕೆ ತಪ್ಪೂ ನನ್ನದಾಗಿ ಉಳಿಯಲಿಲ್ಲ.

ಪ್ರೋಗ್ರೆಸಿವ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೂರು ನಿಮಿಷದಲ್ಲಿ ಮುಗಿಯುವ ಮಾತನ್ನು ಇಪ್ಪತ್ತು ನಿಮಿಷ ಆಡುವುದು. ಕೇಳುವವನ ಕಾಲಿಗೆ ತಾಳ ಸಿಗಬಾರದೆಂದು ಏಳು, ಹನ್ನೊಂದು, ಹದಿಮೂರು ಎಂದು ಎಣಿಸುವುದು. ಒಂದು ಹಾಡನ್ನು ಪಠ್ಯಪುಸ್ತಕದ ಹಾಗೆ ಭಾಗ ಒಂದು, ಭಾಗ ಎರಡು ಎಂದು ಸೀಳುವುದು. ನನ್ನ ವಿವರಣೆಯಲ್ಲಿ ದ್ವೇಷವಿದೆ, ಒಪ್ಪುತ್ತೇನೆ. ದ್ವೇಷವಿಲ್ಲದ ವಿವರಣೆ ಬೇಕಾದವರು ಗಿಟಾರಿನವನ ಅಂಗಡಿಗೆ ಹೋಗಲಿ, ಬ್ಯಾಟರಿ ಕೊಳ್ಳಲು ಬಂದವರಿಗೂ ಅವನು ಹೇಳುತ್ತಾನೆ.

ಆರು ತಿಂಗಳಾದ ಮೇಲೆ ಅವನು ಎರಡನೆಯ ಆಲ್ಬಮ್ಮಿನ ಹಾಡು ತಂದ. ಹಾಡುಗಳಲ್ಲ, ಹಾಡು. ಒಂದೇ. ಹತ್ತೊಂಬತ್ತು ನಿಮಿಷ. ಹೆಸರು 'ಕಾಲುವೆ'. ಅಣೆಕಟ್ಟಿನ ಗೇಟು ಎತ್ತಿದಲ್ಲಿಂದ ಕಾಲುವೆಯ ಕೊನೆ ಮುಟ್ಟುವ ತನಕ ನೀರಿನ ಪ್ರಯಾಣ, ಐದು ಭಾಗ. ಎರಡನೆಯ ಭಾಗ ಪೂರ್ತಿ ಏಳರಲ್ಲಿ, ನಾಲ್ಕನೆಯದು ಹನ್ನೊಂದರಲ್ಲಿ.

ದರ್ಜಿ ಎಲ್ಲವನ್ನೂ ಕೇಳಿ, "ನಿಮ್ಮ ಕಾಲುವಿ ನೀರು ನಮ್ಮ ಹೊಲಕ್ಕ ಬಂದಿದ್ರ ನಾನೂ ಹಾಡು ಹೇಳ್ತಿದ್ದೆ ನೋಡು," ಅಂದ. "ನಮ್ಮ ಕಡೆ ಬರೋದ್ರಾಗ ಹಾಡೂ ಒಣಗತೈತಿ."

"ಅದಾ ಐದನೇ ಭಾಗ," ಅಂದ ಗಿಟಾರಿನವನು. ನಗಲಿಲ್ಲ. ಅವನು ನಗುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು.

ಕೆಲಸದ ರೀತಿಯೂ ಬದಲಾಯಿತು. ಮೂವರೂ ಕೂಡಿ ಬಾರಿಸುವುದು ಬೇಡವಂತೆ, ಅದು ಹಳ್ಳಿ ಪದ್ಧತಿಯಂತೆ. ಒಬ್ಬೊಬ್ಬರೇ ಹೆಡ್‌ಫೋನ್ ಹಾಕಿಕೊಂಡು, ಕಿವಿಯಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ಕಿಗೆ ಸರಿಯಾಗಿ ತಮ್ಮ ಪಾಲಿನದು ಬಾರಿಸಬೇಕು, ಆಮೇಲೆ ಅವನು ಲ್ಯಾಪ್‌ಟಾಪಿನಲ್ಲಿ ಜೋಡಿಸುತ್ತಾನೆ. ಮೊದಲ ಸರದಿ ಡ್ರಮ್ಸಿನದು. ಗಿರಣಿಗೆ ಹೊಸ ಭತ್ತ ಬರಲು ನಾಲ್ಕು ಭಾನುವಾರ ಇತ್ತು.

ಮೊದಲ ಭಾನುವಾರ ಹೊಟ್ಟಿನ ಚೀಲಗಳ ನಡುವೆ ಒಬ್ಬನೇ ಕೂತೆ. ಕಿವಿಯಲ್ಲಿ ಟಕ್ ಟಕ್. ಒಂದು ಎರಡು ಮೂರು ನಾಲ್ಕು ಐದು ಆರು ಏಳು, ಅಲ್ಲಿಗೆ ನನ್ನ ಕೈ ತಾನಾಗಿ ಎಂಟು ಹೊಡೆಯಿತು. ಮತ್ತೆ. ಮತ್ತೆ ಎಂಟು. ಬಾಯಿಂದ ಜೋರಾಗಿ ಎಣಿಸಿದೆ, ಬಾಯಿ ಏಳಕ್ಕೆ ನಿಂತಿತು, ಕೈ ನಿಲ್ಲಲಿಲ್ಲ. ಎಂಟನೆಯದನ್ನು ತಪ್ಪಿಸಬೇಕು ತಪ್ಪಿಸಬೇಕು ಎಂದುಕೊಂಡು ಒಮ್ಮೆ ಆರಕ್ಕೇ ನಿಲ್ಲಿಸಿದೆ. ಮಧ್ಯಾಹ್ನದ ತನಕ ಹೀಗೇ.

ಗಿಟಾರಿನವನು ಬಾಗಿಲಲ್ಲಿ ನಿಂತು ನೋಡಿದ. "ಏಮಿ ಮಾಸ್ತರ, ಏಳರ ಮಗ್ಗಿ ಯಾರು ಕಲಿಸ್ಯಾರ ನಿಮಗ?"

"ನಿಮ್ಮಪ್ಪ," ಅಂದೆ. ನನ್ನ ಮಟ್ಟ ಅಷ್ಟಕ್ಕೆ ಇಳಿದಿತ್ತು.

"ಮೊದಲನೇ ಆಲ್ಬಮ್ಮಿನ್ಯಾಗ ಹೊಡದಿಯಲ್ಲಾ ಇದನ್ನಾ!"

ಅದೇ ನನಗೆ ಬೆಂಕಿ ಇಟ್ಟ ಮಾತು. ಹೊಡೆದಿದ್ದೆ. ನಾಲ್ಕು ಸುತ್ತು, ಬೆಣ್ಣೆಯಿಂದ ಕೂದಲು ಎಳೆದ ಹಾಗೆ. ಹೇಗೆ ಹೊಡೆದೆನೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡನೇ ಭಾನುವಾರವೂ ಆಗಲಿಲ್ಲ. ವಾರವಿಡೀ ಮನೆಯಲ್ಲಿ ಊಟದ ತಟ್ಟೆ, ಸ್ನಾನದ ಬಕೆಟ್ಟು, ಸಿಲಿಂಡರು, ಕಂಡದ್ದರ ಮೇಲೆಲ್ಲ ಏಳು ಬಾರಿಸಿದೆ. ಹೆಂಡತಿ, "ರೀ, ಬಾರಸೂದಾದ್ರ ಎಂಟು ಬಾರಸ್ರಿ. ಒಂದು ಕಡಿಮಿ ಆದ್ರ ನನಗ ಉಸುರು ಕಟ್ಟಿದಂಗ ಆಕ್ಕೈತಿ," ಅಂದಳು. ಮೂರನೇ ಭಾನುವಾರ ಸಂಜೆಗೆ ಗಿಟಾರಿನವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ತೋರಿಸಿದ. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳ ಸಾಲು. ಒಂದು ಗುಂಡಿ ಒತ್ತಿದ. ಡ್ರಮ್ಸಿನ ಸದ್ದು ಬಂತು. ಏಳು, ಏಳು, ಏಳು, ಏಳು. ಆಮೇಲೆ ಹನ್ನೊಂದು. ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಮುಂದಿನ ವಾರ ಕಡಿಗಿ," ಅಂದ. "ಬಂದ್ರ ನೀನು. ಬರಲಿಲ್ಲಾ ಅಂದ್ರ ಇದು. ಈ ಹಾಡಿಗೆ ಅಷ್ಟ ಅಲ್ಲಾ. ಇನ್ನ ಮ್ಯಾಲಿನ ಎಲ್ಲಾಕ್ಕೂ."

ಮೂವತ್ತು ವರ್ಷದ ಜಾಗ ಅದು. ನನಗೆ ಬೇರೆ ಜಾಗಗಳಿವೆ, ಇಲ್ಲವೆಂದಲ್ಲ. ಶಾಲೆಯಲ್ಲಿ ಕುರ್ಚಿ ಇದೆ, ಮನೆಯಲ್ಲಿ ಫ್ಯಾನಿನ ಕೆಳಗೆ ಒಂದು ಮೂಲೆ ಇದೆ. ಆದರೆ ಚಿಂತೆ ಮಾಡದೆ ನಾನು ಕೂರುವ ಜಾಗ ಲೋಕದಲ್ಲಿ ಅದೊಂದೇ, ಡ್ರಮ್ಮಿನ ಹಿಂದಿನ ಆ ಮುರುಕು ಸ್ಟೂಲು. ಅಲ್ಲಿ ಕೂತಾಗ ಬಿಪಿ ಇಲ್ಲ, ವರ್ಗಾವಣೆ ಇಲ್ಲ. ಅದನ್ನು ಒಂದು ಗುಂಡಿಗೆ ಕೊಟ್ಟುಬಿಡುತ್ತೇನೆ ಅನ್ನುತ್ತಿದ್ದ, ಅದೂ ನನ್ನದೇ ತಪ್ಪನ್ನು ನನ್ನ ಕುತ್ತಿಗೆಗೆ ಕಟ್ಟಿ.

ಗುರುವಾರ ಶಾಲೆ ಬಿಟ್ಟ ಮೇಲೆ ಮಸ್ಕಿಯ ಬಸ್ಸು ಹತ್ತಿದೆ. ದರ್ಜಿಯ ಅಂಗಡಿ ಇಬ್ಬರು ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕಾದಷ್ಟು ಅಗಲ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದ.

"ಬಾರೋ, ಪ್ಯಾಂಟಿನ ಅಳತಿ ಕೊಡಾಕ ಬಂದಿ ಹೌದಿಲ್ಲೋ? ಹೊಟ್ಟಿ ನೋಡಿದ್ರ ಬಟ್ಟಿ ಸಾಲಂಗಿಲ್ಲ."

"ಹೊಟ್ಟಿ ಸುದ್ದಿ ಆಮ್ಯಾಲ. ಆರನೇ ಹಾಡಿನ್ಯಾಗ ನಾ ಎಂಟನೇದು ಬಿಟ್ನೆಲ್ಲಾ, ನೀ ನನ್ನ ಜೋಡಿ ಹೆಂಗ ಬಂದಿ?"

ಅವನು ಕತ್ತರಿ ಕೆಳಗಿಟ್ಟ. ನಾನು ಬೇಕೆಂದೇ ಬಿಟ್ಟದ್ದು ಅಂದುಕೊಂಡಿದ್ದನಂತೆ ಇಷ್ಟು ದಿನ.

"ಬೇಕಂತ ಬಿಡಾಕ ನನಗ ಬಂದಿದ್ರ ಈ ಹಾಡು ಯಾಕ ಬರ್ತಿದ್ದಿಲ್ಲ?"

"ಅರೇ ಯಾರ್," ಅಂದ. ಟೇಬಲ್ಲಿನ ಮೇಲಿನ ಬಟ್ಟೆ ಸರಿಸಿದ. "ಹೊಡಿ. ಟೇಬಲ್ ಮ್ಯಾಲ. ಎಂಟ ಹೊಡಿ, ತಲಿ ಕೆಡಿಸ್ಕೊಬ್ಯಾಡ."

ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಬೆರಳಲ್ಲಿ ಎಂಟು ಹೊಡೆಯತೊಡಗಿದೆ. ಎರಡು ಸುತ್ತು ಹೋಯಿತು. ಮೂರನೆಯದು ಮುಗಿಯುವಾಗ ಅವನು ಆ ಇಕ್ಕಟ್ಟಿನಲ್ಲಿ ಮೈ ಪೂರಾ ತಿರುಗಿಸಿ ನನಗೆ ಬೆನ್ನು ಮಾಡಿದ. ನನ್ನ ಕೈ ನಿಂತಿತು. ಒಂದೇ ಒಂದು ಪೆಟ್ಟು. ಮತ್ತೆ ಒಂದರಿಂದ ಹೊರಟಿತು.

ದರ್ಜಿ ನಕ್ಕ ನಗೆಗೆ ಪಕ್ಕದ ಅಂಗಡಿಯವರು ಇಣುಕಿದರು. "ಅಲಾಯಿ!" ಅಂದ. "ಅಲಾಯಿ ಹೆಜ್ಜಿ, ಮಾಸ್ತರ!"

ನಮ್ಮ ಕಡೆ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಸುತ್ತ ಊರ ಗಂಡಸರೆಲ್ಲ ಹೆಜ್ಜೆ ಹಾಕುತ್ತಾರೆ, ಯಾವ ಜಾತಿ ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ. ನಾನು ಬಾರಿಸಲು ಕಲಿತದ್ದು ಅಲ್ಲೇ, ಆರನೆಯ ಇಯತ್ತೆಯಲ್ಲಿ, ನನಗಿಂತ ಅಗಲವಾದ ಚರ್ಮದ ಹಲಗೆಯ ಮೇಲೆ. ಕುಣಿಯುವವರು ಸುತ್ತು ಹಾಕುತ್ತ ಹಾಕುತ್ತ ಮುಂದಿನವನು ಒಮ್ಮೆಲೇ ಹಿಂದಕ್ಕೆ ತಿರುಗುತ್ತಾನೆ, ಇಡೀ ಸುತ್ತು ದಿಕ್ಕು ಬದಲಿಸುತ್ತದೆ. ಆಗ ಹಲಗೆಯವರು ಒಂದು ಪೆಟ್ಟು ಬಿಡಬೇಕು, ಕಾಲು ಬದಲಾಯಿಸಲು ಕುಣಿಯುವವರಿಗೆ ಜಾಗ ಬೇಕಲ್ಲ. ಬಿಡದಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೈ ತಿರುಗಿತು, ಪೆಟ್ಟು ಬಿಟ್ಟಿತು.

ಆರನೇ ಹಾಡು ಬಾರಿಸಿದ ದಿನ ಗಿರಣಿಯಲ್ಲಿ ವೋಲ್ಟೇಜ್ ಬೀಳುತ್ತಿತ್ತು. ದರ್ಜಿಯ ಆಂಪ್ಲಿಫೈಯರು ಅವನ ಬೆನ್ನಿಗಿತ್ತು. ಅದರ ಕೆಂಪು ದೀಪ ಹತ್ತಿದೆಯೋ ಇಲ್ಲವೋ ನೋಡಲು ಅವನು ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿದ್ದ. ನಾಲ್ಕು ಸಲ. ನನ್ನ ಕಣ್ಣಿಗೆ ಅವನು ಬೇಸ್ ಬಾರಿಸುವವನಲ್ಲ, ಕುಣಿಯ ಸುತ್ತ ತಿರುಗಿದವನು. ಅವನ ಕೈಗೂ ಅದೇ ಪಾಠ. ಅದಕ್ಕೇ ಇಬ್ಬರೂ ಜೊತೆಗೆ ಬಿಟ್ಟೆವು, ಕ್ಯಾಂಪಿನಲ್ಲಿ ಬೆಳೆದ ಗಿಟಾರಿನವನು ಎಡವಿದ.

ನನಗಾದ ಸಂತೋಷ ಒಳ್ಳೆಯ ಜಾತಿಯದಲ್ಲ. ಅವನ ಪ್ರೋಗ್ರೆಸಿವ್ ಅನ್ನುವುದು ಎಲ್ಲಿಂದ ಹುಟ್ಟಿತೆಂದು ಅವನ ಮುಖದ ಮೇಲೆ ಹೇಳಬಹುದು ಎಂಬ ಸಂತೋಷ. ಶುಕ್ರವಾರ, ಶನಿವಾರ ಎರಡೂ ದಿನ ಮಾತು ಜೋಡಿಸಿದೆ. ಹತ್ತನೇ ತರಗತಿಯಲ್ಲಿ ಪ್ರಮೇಯ ಬರೆಯುತ್ತ ಬರೆಯುತ್ತ ಮನಸ್ಸಿನಲ್ಲಿ ಅವನನ್ನು ಮೂರು ಅಂಶಗಳಲ್ಲಿ ಹೊಡೆದು ಮಲಗಿಸಿದೆ. ಬೋರ್ಡಿನ ಮೇಲೆ 'ಆದ್ದರಿಂದ' ಎಂದು ಬರೆದು ಹಾಗೇ ನಿಂತೆನಂತೆ, ಮಕ್ಕಳು ಆಮೇಲೆ ಹೇಳಿದರು.

ನಾಲ್ಕನೇ ಭಾನುವಾರ ಗೋದಾಮಿಗೆ ಹೋದೊಡನೆ, ಕೂರುವುದಕ್ಕೂ ಮೊದಲೇ ಶುರು ಮಾಡಿದೆ.

"ನಿನ್ನ ಪ್ರೋಗ್ರೆಸಿವ್ ಎಲ್ಲಿಂದ ಬಂತು ಗೊತ್ತೇನು? ಸಂತೆಕಲ್ಲೂರಿನ ಅಲಾಯಿ ಕುಣಿಯಿಂದ. ಅದೂ ನನ್ನ ತಪ್ಪಿನಿಂದ. ಬೆಂಗಳೂರಿನವರ ಮುಂದ ನನಗ ಹೊಳೀತು, ನನಗ ಹೊಳೀತು ಅಂತ ಹೇಳಿದೆಲ್ಲಾ, ಯಾವ ಬಾಯಿಲೇ ಹೇಳಿದಿ?"

ಅವನು ವೈರು ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ. "ತಪ್ಪು ಅಂತ ನನಗ ಆವತ್ತ ಗೊತ್ತಾಗಿತ್ತು."

"ಏನ್ ಗೊತ್ತಾಗಿತ್ತು?"

"ನೀ ಬಿಟ್ಟದ್ದು. ಕಿವುಡ ಅಂತ ತಿಳದಿಯೇನು ನನ್ನ? ಮನಿಗಿ ಹೋಗಿ ಎಷ್ಟು ಸಲ ಕೇಳೀನಿ ಅದನ್ನ, ನಿನಗೇನು ಗೊತ್ತು." ವೈರು ಕೆಳಗಿಟ್ಟ. "ನೀ ಬಿಟ್ಟಿ, ನಾ ಇಟ್ಕೊಂಡೆ. ಇನ್ನೊಮ್ಮೆ ಹೊಡಿತೀನಿ, ಅಳಸು ಅಂತ ನನ್ನ ಕಾಲು ಹಿಡಿಯೋದೊಂದು ಬಾಕಿ ಇತ್ತು ನಿಂದು. ನಿನ್ನ ಮಾತು ಕೇಳಿದ್ರ ಆ ಏಳು ಎಲ್ಲಿರ್ತಿತ್ತು ಇವತ್ತ? ಹೇಳು. ಯಾರದದು?"

ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ತಪ್ಪು ಹುಡುಕುವುದು ನನ್ನ ಕಸುಬು. ಸಿಗಲಿಲ್ಲ. ಸಿಗದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಉಳಿದ ಎರಡು ಅಂಶ ಮರೆತೇಹೋದವು.

"ಆದ್ರ ಅಲಾಯಿ ಮಾತು ಗೊತ್ತಿದ್ದಿಲ್ಲ," ಅಂದ ಅವನು, ಮೊದಲ ಸಲ ನಮ್ಮಿಬ್ಬರನ್ನೂ ನೇರ ನೋಡಿ. "ತಿರುಗಿದ್ರ ಕೈ ಬಿಡತೈತಿ? ತಾನ?"

"ತಾನ," ಅಂದ ದರ್ಜಿ. "ಅಂಗಡ್ಯಾಗ ನೋಡೀನಿ ನಾ."

"ಹಂಗಾದ್ರ ಕ್ಲಿಕ್ ಬ್ಯಾಡ, ಹೆಡ್‌ಫೋನ್ ಬ್ಯಾಡ. ಮೂರೂ ಮಂದಿ ಕೂಡೇ ಹೊಡಿಯೂನು. ಎರಡನೇ ಭಾಗ ಅಷ್ಟ. ಬಂತಂದ್ರ ಲ್ಯಾಪ್‌ಟಾಪ್ ಮುಚ್ಚತೀನಿ."

"ಮತ್ತ ಹನ್ನೊಂದು?" ಅಂದೆ.

"ಅದಕ್ಕ ನಾ ಎಷ್ಟು ತಿರುಗಬೇಕು?" ಅಂದ ದರ್ಜಿ. "ಬುಗರಿ ಮಾಡಿ ಬಿಡತೀರಿ ನನ್ನ. ನಕ್ಕೋ ಬಾವಾ, ಬ್ಯಾಡ."

"ಹನ್ನೊಂದನ್ನ ಎಂಟು ಮಾಡ್ತೀನಿ. ನನ್ನ ಹಾಡು, ನಾ ಬದಲ ಮಾಡ್ತೀನಿ. ಮೊದಲ ಏಳು ಬರಲಿ."

ಅವನ ಬಾಯಿಂದ ಇಂಥ ಮಾತು ಬರಬಹುದೆಂದು ನಾನು ಎಣಿಸಿರಲಿಲ್ಲ. ಕೈ ಚಾಚಿದ ಹಾಗಿತ್ತು ಅದು, ಸಿಟ್ಟಿನ ಕೈಯೇ ಆದರೂ. ಸ್ಟೂಲಿನ ಮೇಲೆ ಕೂತೆ. ಮೂವರೂ ಹಿಂದಿನ ಹಾಗೆ ಎದುರುಬದುರು. ನಾಲ್ಕು ಎಣಿಸಿ ಶುರು ಮಾಡಿದೆ. ಒಂದು ಸುತ್ತು ಎಂಟು, ಎರಡನೆಯದು ಎಂಟು. ಮೂರನೆಯದರ ಕೊನೆಗೆ ದರ್ಜಿ ತಿರುಗಿದ.

ತಿರುಗುತ್ತಾನೆ ಎಂದು ನನಗೆ ಗೊತ್ತಿತ್ತು. ಅವನ ಹೆಗಲು ಅಲುಗುವ ಮೊದಲೇ ನಾನು ಅದನ್ನು ನೋಡುತ್ತಿದ್ದೆ, ಈಗ ತಿರುಗುತ್ತಾನೆ, ಈಗ ಬಿಡಬೇಕು, ಬಿಡುತ್ತೇನೋ ಇಲ್ಲವೋ ಎಂದು. ಎಂಟು ಬಿತ್ತು. ಗಟ್ಟಿಯಾಗಿ.

"ಇನ್ನೊಮ್ಮೆ," ಅಂದ ಗಿಟಾರಿನವನು.

ಎಂಟು. ಇನ್ನೊಮ್ಮೆ. ಈ ಸಲ ಎರಡು ಪೆಟ್ಟು ಬಿಟ್ಟೆ. ಇನ್ನೊಮ್ಮೆ. ಕಣ್ಣು ಮುಚ್ಚಿಕೊಂಡು ಬಾರಿಸಿದೆ, ಮುಚ್ಚಿದರೆ ತಿರುಗಿದ್ದು ಕಾಣುವುದಿಲ್ಲ ಎಂಬುದು ಎರಡು ಸುತ್ತಾದ ಮೇಲೆ ಹೊಳೆಯಿತು. ದರ್ಜಿಗೆ, ಯಾವಾಗ ತಿರುಗುತ್ತೀಯೆಂದು ಗೊತ್ತು ಮಾಡದೆ ಮನಸ್ಸಿಗೆ ಬಂದಾಗ ತಿರುಗು ಅಂದೆ. ಆಗ ನಾನು ಅವನು ಯಾವಾಗ ತಿರುಗುತ್ತಾನೋ ಎಂಬ ಚಿಂತೆಯಲ್ಲೇ ಬಾರಿಸಿದೆ. ಒಂಬತ್ತು ಸಲ ಪ್ರಯತ್ನ ಮಾಡಿದೆವು. ಗುರುವಾರ ಮಸ್ಕಿಯ ಟೇಬಲ್ಲಿನ ಮೇಲೆ ಬಂದದ್ದೇ ಕೊನೆ. ಗೊತ್ತಿಲ್ಲದಾಗ ಮೂವತ್ತಾರು ವರ್ಷ ನನ್ನ ಕೈಯಲ್ಲಿ ಇದ್ದದ್ದು, ಇನ್ನೊಬ್ಬನ ಮುಖಕ್ಕೆ ಬಡಿಯಲೆಂದು ಗೊತ್ತು ಮಾಡಿಕೊಂಡ ಮೂರು ದಿನಕ್ಕೆ ಹೋಗಿಬಿಟ್ಟಿತ್ತು.

ತಲೆ ತಿರುಗಿ ದರ್ಜಿ ಚೀಲದ ಮೇಲೆ ಕೂತ. "ಬಸ್, ಸಾಕು," ಅಂದ. "ನಾಳಿಗಿ ನನಗ ಮೂರು ಬ್ಲೌಸು ಕೊಡೂದೈತಿ."

ಗಿಟಾರಿನವನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಲ್ಯಾಪ್‌ಟಾಪ್ ತೆಗೆದು ನನ್ನ ಎದುರಿನ ದೊಡ್ಡ ಡ್ರಮ್ಮಿನ ಮೇಲೇ ಇಟ್ಟ, ಅದು ಟೇಬಲ್ ಇದ್ದ ಹಾಗೆ. "ಎರಡನೇ ಭಾಗ, ನಾಕನೇ ಭಾಗ ಇದರಾಗಿಂದ ತಗೋತೀನಿ. ಉಳದದ್ದೂ ಇದಾ ಇರ್ಲಿ, ಸದ್ದು ಬ್ಯಾರೆ ಬ್ಯಾರೆ ಆಗಬಾರದು." ಅಂದರೆ ಎಲ್ಲಾ. ದರ್ಜಿಯೂ ಅವನೂ ಇವತ್ತೇ ತಮ್ಮದನ್ನು ಯಂತ್ರದ ಜೊತೆ ಬಾರಿಸಿ ಮುಗಿಸುತ್ತಾರಂತೆ, ನಾಳೆ ಭತ್ತದ ಲಾರಿ ಬರುತ್ತದಂತೆ.

ಎದ್ದು ಹೋಗಬೇಕಿತ್ತು. ಮಾನ ಇದ್ದವರು ಹೋಗುತ್ತಾರೆ. ನನಗೆ ಲಿಂಗಸುಗೂರಿನ ಬಸ್ಸು ಐದೂವರೆಗೆ, ಒಬ್ಬನೇ ಬಸ್‌ಸ್ಟ್ಯಾಂಡಿನಲ್ಲಿ ಮೂರು ತಾಸು ಕೂತು ಏನೇನು ಚಿಂತೆ ಮಾಡುತ್ತೇನೆಂದು ನನಗೇ ಭಯವಾಯಿತು. ಕೂತೇ ಇದ್ದೆ.

ಅವರಿಬ್ಬರೂ ತಮ್ಮ ತಮ್ಮ ಮೂಲೆಗೆ ಹೋಗಿ ನಿಂತರು. ಗುಂಡಿ ಒತ್ತಿ ಓಡಿಹೋಗಿ ಗಿಟಾರು ಹಿಡಿಯುವಷ್ಟರಲ್ಲಿ ಎಣಿಕೆ ಮುಗಿಯುತ್ತಿತ್ತು. ಅವನು ಎರಡು ಸಲ ಓಡಿದ, ಎರಡು ಸಲವೂ ತಡವಾಯಿತು. ಏದುಸಿರು ಬಿಡುತ್ತ ನನ್ನ ಕಡೆ ನೋಡಿದ.

"ಆ ಉದ್ದಂದು ಗುಂಡಿ ಐತಲ್ಲಾ, ಕೆಳಗ. ನಾ ತಲಿ ಅಲ್ಲಾಡಿಸಿದ ಕೂಡ್ಲೇ ಒತ್ತು."

ಒತ್ತಿದೆ. ಯಂತ್ರ ಹೊರಟಿತು. ನನ್ನ ಡ್ರಮ್ಮುಗಳ ನಡುವೆ, ನನ್ನ ಸ್ಟೂಲಿನ ಮೇಲೆ, ಕೈ ತೊಡೆಯ ಮೇಲಿಟ್ಟುಕೊಂಡು ಕೂತು ಕೇಳಿದೆ. ಎರಡನೆಯ ಭಾಗ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ, ಅದಕ್ಕೆ ಹಲ್ಲು ಕಚ್ಚಿ ಹೇಳುತ್ತಿದ್ದೇನೆ. ನೀರು ತೂಬಿನಿಂದ ನುಗ್ಗಿದ ಹಾಗೆಯೇ ಇತ್ತು. ದರ್ಜಿ ಕದಲದೆ ನಿಂತು ಬಾರಿಸುತ್ತಿದ್ದ.

ನಾಲ್ಕನೆಯ ಭಾಗದಲ್ಲಿ, ಹನ್ನೊಂದರ ನಡುವೆ, ಗಿಟಾರಿನವನು ತಪ್ಪಿದ. ಅವನೇ ಬರೆದದ್ದು, ಅವನೇ ತಪ್ಪಿದ. ಯಂತ್ರ ಅವನನ್ನು ಕಾಯಲಿಲ್ಲ, ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಅವನು ಹಿಡಿಯಲು ಓಡಿದ, ಸಿಗಲಿಲ್ಲ. ಗಿಟಾರಿನ ತಂತಿಯ ಮೇಲೆ ಅಂಗೈ ಬಡಿದು, ಮೂವತ್ತು ವರ್ಷದ ಅಭ್ಯಾಸದಂತೆ, ನನ್ನ ಕಡೆ ತಿರುಗಿ ಕೂಗಿದ.

"ಏನ್ ಹೊಡಿತೀಯೋ ಮಾರಾಯಾ!"

ದರ್ಜಿಯ ಕೈಯೂ ನಿಂತಿತು. ಯಂತ್ರ ಮಾತ್ರ ಹನ್ನೊಂದು ಹೊಡೆಯುತ್ತಿತ್ತು. ನಾನು ಎರಡೂ ಕೈ ಮೇಲೆತ್ತಿ, ಖಾಲಿ ಅಂಗೈ ಅವನಿಗೆ ತೋರಿಸಿದೆ. ಆ ತಿಂಗಳಲ್ಲಿ ನನಗೆ ಸಿಕ್ಕ ಸುಖ ಅಷ್ಟೇ. ದರ್ಜಿ ಗೋಡೆಯ ಕಡೆ ಮುಖ ಮಾಡಿದ, ಅವನ ಬೆನ್ನು ಅಲುಗುತ್ತಿತ್ತು.

ಗಿಟಾರಿನವನ ಮುಖ ಕೆಂಪಾಯಿತು. "ಬಂದ್ ಮಾಡು ಅದನ್ನ," ಅಂದ. ಬಂದ್ ಮಾಡಿದೆ. "ನಾಕನೇ ಭಾಗದಿಂದ ಮತ್ತ ಒತ್ತು."

ತಲೆ ಅಲ್ಲಾಡಿಸಿದ. ನಾನು ಒತ್ತಲಿಲ್ಲ. ನನ್ನ ಕೈಚೀಲದಿಂದ ನೀರಿನ ಬಾಟಲಿ ತೆಗೆದೆ, ನಿಧಾನಕ್ಕೆ ಕುಡಿದೆ, ಮುಚ್ಚಳ ತಿರುವಿ ಹಾಕಿದೆ. ಅವನು ಗಿಟಾರಿನ ಮೇಲೆ ಬೆರಳಿಟ್ಟುಕೊಂಡು ಬಗ್ಗಿ ನಿಂತೇ ಇದ್ದ.

"ಒತ್ತಲೇ!"

ಆಮೇಲೆ ಒತ್ತಿದೆ.